‘ಎಸ್‌ಎಂಪಿಎಸ್ ಹೋಗೈತಿ’ ಅಂದ ಕೂಡಲೇ ಕಂಪ್ಯೂಟರ್ ಬಿಟ್ಟು ಬರಬೇಡಿ

ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡುವವಳು ನಾನು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಪತ್ರಿಕೆ, ಹೀಗೆ. ಹೋದ ಏಪ್ರಿಲ್‌ನಲ್ಲಿ, ಸರಿಯಾಗಿ ಮದುವೆ ಸೀಸನ್ ನಡುವೆ, ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಆಫ್ ಆಗತೊಡಗಿತು. ಆ ಗೋಳಿಗೆ ನಾನು ತೆತ್ತದ್ದು 3,750 ರೂಪಾಯಿ ಮತ್ತು ಹನ್ನೊಂದು ವರ್ಷದ ಫೈಲುಗಳು. ಕಡೆಗೆ ಅದು ಸರಿಹೋದದ್ದು 150 ರೂಪಾಯಿಯ ಪೇಸ್ಟು, ಒಂದು ಪೇಂಟ್ ಬ್ರಷ್ಷಿನಿಂದ.

ಆಫ್ ಆಗುವುದು ಅಂದರೆ ವಿಂಡೋಸ್ ‘ಶಟ್ಟಿಂಗ್ ಡೌನ್’ ಅಂತ ತೋರಿಸಿ ಮಲಗುವುದಲ್ಲ. ಕರೆಂಟು ಹೋದ ಹಾಗೆ ಟಪ್ ಅಂತ ಕಪ್ಪು. ಫ್ಯಾನೂ ಸುಮ್ಮನೆ. ನೀಲಿ ಪರದೆ ಇಲ್ಲ, ಎರರ್ ಇಲ್ಲ. ಬೆಳಿಗ್ಗೆ ಹಾಕಿದರೆ ಮುಕ್ಕಾಲು ಗಂಟೆ ನಡೆಯುತ್ತಿತ್ತು, ಮಧ್ಯಾಹ್ನ ಹತ್ತೇ ನಿಮಿಷ. ಆಫ್ ಆದ ಕೂಡಲೇ ಮತ್ತೆ ಹಾಕಿದರೆ ಎರಡು ನಿಮಿಷ. ಅಡುಗೆ ಮುಗಿಸಿ ಬಂದು ಹಾಕಿದರೆ ಮತ್ತೆ ಅರ್ಧ ಗಂಟೆ ಸರಿ. ಕೋರೆಲ್‌ನಲ್ಲಿ ಫೋಟೋ ತುಂಬಿದ ಕಾರ್ಡನ್ನು ಪಿಡಿಎಫ್ ಮಾಡಲು ಕೊಟ್ಟರಂತೂ ಗ್ಯಾರಂಟಿ ಹೋಗುತ್ತಿತ್ತು. ರೋಗ ಯಾವುದೆಂದು ಇಷ್ಟರಲ್ಲೇ ಇದೆ. ಈಗ ಕಾಣುತ್ತದೆ, ಆಗ ನನಗೆ ಕಾಣಲಿಲ್ಲ.

ನಮ್ಮ ಮನೆಯವರು ಮೊದಲು ಯುಪಿಎಸ್ ಮೇಲೆ ಅನುಮಾನಪಟ್ಟರು. ಅದು ದಡ್ಡತನವೇನಲ್ಲ. 600 ವಿಎ ಯುಪಿಎಸ್ ಒಳಗಿನ 12 ವೋಲ್ಟ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ, ಆಮೇಲೆ ವೋಲ್ಟೇಜ್ ಒಂದು ಸಲ ಕುಸಿದರೂ ಸಾಕು, ಕೈಕೊಡುತ್ತದೆ. ಆದರೆ ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ಒಂದು ದಿನ ನೋಡಿದ್ದರೆ ಪುಕ್ಕಟೆ ಗೊತ್ತಾಗುತ್ತಿತ್ತು. ನಾವು 1,100 ಕೊಟ್ಟು ಬ್ಯಾಟರಿ ಹಾಕಿಸಿದೆವು. ಮಾರನೇ ದಿನ ಮತ್ತೆ ಟಪ್.

ಆಮೇಲೆ ಅಂಗಡಿ. ಹೆಸರು ಬರೆಯುವುದಿಲ್ಲ, ಹೀಗೆ ನಡೆಯುವ ಅಂಗಡಿ ಊರಲ್ಲಿ ಅದೊಂದೇ ಅಲ್ಲ. ಅಲ್ಲಿದ್ದ ಹುಡುಗ ಇವೆಂಟ್ ವ್ಯೂವರ್, ಅಂದರೆ ನಡೆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ದಾಖಲೆ, ತೆಗೆದು ತೋರಿಸಿದ. ಕೆಂಪು ಗುರುತಿನ ಸಾಲುಗಳು, ಪ್ರತಿಯೊಂದರಲ್ಲೂ ‘ಕರ್ನಲ್-ಪವರ್’, ನಂಬರು 41.

“ನೋಡ್ರಿ ಅಕ್ಕಾ, ಕಂಪ್ಯೂಟರೇ ಹೇಳ್ತೈತಿ ಪವರ್ ಪ್ರಾಬ್ಲಂ ಅಂತ. ಎಸ್‌ಎಂಪಿಎಸ್ ಹೋಗೈತಿ.”

ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ, ಒಳಗಿನ ಡಬ್ಬ. ಕಣ್ಣೆದುರು ಇಂಗ್ಲಿಷಿನಲ್ಲಿ ‘ಪವರ್’ ಅಂತ ಬರೆದಿರುವಾಗ ಯಾರು ತಾನೇ ನಂಬುವುದಿಲ್ಲ? ದಯವಿಟ್ಟು ನಂಬಬೇಡಿ. 41 ಅಂದರೆ ವಿಂಡೋಸ್ ಮತ್ತೆ ಎದ್ದ ಮೇಲೆ ‘ಹೋದ ಸಲ ನನ್ನನ್ನು ಸರಿಯಾಗಿ ಶಟ್‌ಡೌನ್ ಮಾಡಿರಲಿಲ್ಲ’ ಅಂತ ಬರೆದಿಟ್ಟುಕೊಳ್ಳುವ ಟಿಪ್ಪಣಿ, ಅಷ್ಟೇ. ಬವಳಿ ಬಂದು ಬಿದ್ದವರು ಎಚ್ಚರಾದ ಮೇಲೆ ‘ಬಿದ್ದಿದ್ದೆ’ ಅಂದ ಹಾಗೆ. ಯಾಕೆ ಬಿದ್ದದ್ದು ಅಂತ ಅದರಲ್ಲಿಲ್ಲ. ನೀವೇ ಪ್ಲಗ್ ಕಿತ್ತರೂ ಅದೇ 41 ಬರುತ್ತದೆ, ನಾನು ಆಮೇಲೆ ಕಿತ್ತು ನೋಡಿದ್ದೇನೆ. ಅಲ್ಲಿ 1074 ಇದ್ದರೆ ಮಾತು ಬೇರೆ. ಯಾವುದೋ ಪ್ರೋಗ್ರಾಮೋ ಅಪ್‌ಡೇಟೋ ಕೇಳಿಕೊಂಡೇ ಆಫ್ ಮಾಡಿಸಿದೆ ಅಂತ.

ಹೊಸ ಎಸ್‌ಎಂಪಿಎಸ್‌ಗೆ 1,850. ಹಳೆಯದು ಕೈಯಲ್ಲಿ ಹಿಡಿದರೆ ಇಟ್ಟಿಗೆಯಷ್ಟು ಭಾರವಿತ್ತು, ಹೊಸದು ಖಾಲಿ ಡಬ್ಬದ ಹಾಗೆ. ಮೇಲೆ ಮಾತ್ರ ದಪ್ಪಕ್ಷರದಲ್ಲಿ 450 ವ್ಯಾಟ್. ಹಳೆಯದನ್ನು ವಾಪಸ್ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನೀವು ಕೇಳಿ. ಹಾಳಾದ ವಸ್ತು ಆದರೂ ಅದು ನಿಮ್ಮದು, ನನ್ನದಂತೂ ಹಾಳೇ ಆಗಿರಲಿಲ್ಲ.

ಮನೆಗೆ ತಂದ ಸಂಜೆಯೇ ಮತ್ತೆ ಆಫ್. ತಿರುಗಿ ಒಯ್ದರೆ, “ಇಲ್ಲಿ ಇಡೀ ದಿನ ಓಡೈತ್ರಿ ಅಕ್ಕಾ, ಏನೂ ಆಗಿಲ್ಲ.” ಓಡದೆ ಏನು? ಅಲ್ಲಿ ಎಸಿ. ಕವರ್ ಬಿಚ್ಚಿಟ್ಟಿದ್ದಾರೆ. ಪರದೆ ಮೇಲೆ ಬರೀ ಡೆಸ್ಕ್‌ಟಾಪ್, ಕೆಲಸ ಅನ್ನುವುದೇ ಇಲ್ಲ. “ಹಂಗಾದ್ರೆ ವಿಂಡೋಸ್ ಕರಪ್ಟ್ ಆಗಿರ್ಬೇಕು, ಫಾರ್ಮ್ಯಾಟ್ ಹೊಡಿತೀವಿ. ಡಿ ಡ್ರೈವ್ ಮುಟ್ಟಲ್ಲ” ಅಂದರು. ನಾನು ಹೂಂ ಅಂದೆ. ಇದು ನನ್ನ ತಪ್ಪು, ಅಂಗಡಿಯವರ ಮೇಲೆ ಹೊರಿಸುವುದಿಲ್ಲ. ಬ್ಯಾಕಪ್ ಇರಲಿಲ್ಲ. ಆದರೆ ನನ್ನ ಫೈಲುಗಳಿದ್ದ ಡಿ ಡ್ರೈವ್ ಮುಟ್ಟಿದ್ದು ಅವರೇ. ಪಾರ್ಟಿಶನ್ ಎಲ್ಲ ಅಳಿಸಿ ಹೊಸದಾಗಿ ಮಾಡಿದ್ದರು. 800 ರೂಪಾಯಿ, ಬಿಲ್ ಇಲ್ಲ, ಪೆನ್ಸಿಲ್ಲಿನಲ್ಲಿ ಬರೆದ ಚೀಟಿ. ಮುಂದೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋಣ ಅಂತ ಕೂತಾಗ ಕೈಯಲ್ಲಿದ್ದದ್ದು ಆ ಚೀಟಿ ಮಾತ್ರ. ಫೋನ್ ಮಾಡಲಿಲ್ಲ.

ಮೂರನೇ ಸಲ ಮದರ್‌ಬೋರ್ಡ್ ಅಂದರು, ಸೆಕೆಂಡ್ ಹ್ಯಾಂಡ್ 5,500. ದುಡ್ಡು ಇರಲಿಲ್ಲ, ಬಚಾವಾದೆ.

ಬೇಸಿಗೆ ರಜಕ್ಕೆ ಅಕ್ಕನ ಮಗ ಬಂದ. ಡಿಪ್ಲೊಮಾ ಎರಡನೇ ವರ್ಷ. ಅವನು ಏನನ್ನೂ ಬಿಚ್ಚುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಚಿಕ್ಕಮ್ಮ, ಆಫ್ ಆದ ತಕ್ಷಣ ಹಾಕಿದ್ರೆ ಬೇಗ ಹೋಗ್ತದೋ, ತಡವಾಗಿ ಹೋಗ್ತದೋ?” ಎರಡು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಹೇಳಿದೆ. ಆನ್ ಮಾಡಿ ಡಿಲೀಟ್ ಕೀ ಒತ್ತುತ್ತಾ ಬಯೋಸ್ ಒಳಗೆ, ಅಂದರೆ ವಿಂಡೋಸ್ ಏಳುವ ಮೊದಲೇ ಸಿಗುವ ಸೆಟ್ಟಿಂಗ್ ಪರದೆಗೆ, ಹೋದ. ಅಲ್ಲೊಂದು ಕಡೆ ಸಿಪಿಯು ಟೆಂಪರೇಚರ್ ಬರುತ್ತದೆ. 84 ಡಿಗ್ರಿ ಇತ್ತು. ನೋಡುತ್ತಿದ್ದ ಹಾಗೇ 88, 91, 95. ಏನೂ ಕೆಲಸ ಮಾಡದೆ ಸುಮ್ಮನೆ ಕೂತ ಕಂಪ್ಯೂಟರಿನ ಕತೆ ಇದು. ಪ್ರೊಸೆಸರ್ 100ರ ಹತ್ತಿರ ಬಂದಾಗ ಮೊದಲು ತಾನೇ ನಿಧಾನವಾಗುತ್ತದೆ. ಅಷ್ಟಾದರೂ ಬಿಸಿ ಏರಿದರೆ ಸುಟ್ಟುಹೋಗಬಾರದೆಂದು ಒಮ್ಮೆಲೇ ಪವರ್ ಕಡಿದುಕೊಳ್ಳುತ್ತದೆ. ವಿಂಡೋಸ್‌ಗೆ ತಿಳಿಸುವಷ್ಟು ಪುರಸೊತ್ತಿರುವುದಿಲ್ಲ, ಅದಕ್ಕೇ ಎರರ್ ಕಾಣುವುದಿಲ್ಲ.

ಪ್ಲಗ್ ಕಿತ್ತು, ಪಕ್ಕದ ಕವರ್ ತೆಗೆದೆವು. ಪ್ರೊಸೆಸರ್ ಮೇಲೆ ಅದರ ಬಿಸಿ ಎಳೆದುಕೊಳ್ಳುವ ಅಲ್ಯುಮಿನಿಯಂ ಹೀಟ್‌ಸಿಂಕ್, ಅದರ ಮೇಲೆ ಫ್ಯಾನ್; ಎರಡೂ ಸೇರಿ ಕೂಲರ್. ಹೀಟ್‌ಸಿಂಕ್, ಫ್ಯಾನ್ ನಡುವೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು, ಬೆರಳಲ್ಲಿ ಹಿಡಿದೆಳೆದರೆ ತುಂಡಾಗದೆ ಹಾಳೆಯಂತೆ ಬಂತು. ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಕಡೆ. ಹೊಗೆಯ ಮಸಿ ಎಲ್ಲದರ ಮೇಲೂ ಕೂರುತ್ತದೆ, ಒಣಧೂಳಿನಂತೆ ಊದಿದರೆ ಹಾರುವುದಿಲ್ಲ, ಅಂಟುತ್ತದೆ. ಅಷ್ಟೇ ಅಲ್ಲ. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರ್ ನಾಲ್ಕು ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಂತಿರುತ್ತದೆ, ಬೋರ್ಡಿನ ತೂತಿಗೆ ಟಕ್ ಅಂತ ಒತ್ತಿ ಕೂರಿಸುವಂಥವು. ಅವನು ಒಂದು ಮೂಲೆ ಅದುಮಿದ. ಕುಂಟು ಮಣೆಯ ಹಾಗೆ ಕೂಲರ್ ಅಲ್ಲಾಡಿತು. ಒಂದು ಕಾಲು ಬಿಟ್ಟುಕೊಂಡಿತ್ತು. ಫೆಬ್ರವರಿಯಲ್ಲಿ ಮನೆ ಬದಲಿಸಿದಾಗ ಗೂಡ್ಸ್ ಆಟೋದಲ್ಲಿ, ಗ್ಯಾಸ್ ಸಿಲಿಂಡರ್ ಪಕ್ಕ ಮಲಗಿಸಿಕೊಂಡು ತಂದಿದ್ದೆವು. ಅಲ್ಲೇ ಬಿಟ್ಟಿರಬೇಕು.

ನನಗೆ ಹೊಟ್ಟೆ ಉರಿದದ್ದು ಇದಕ್ಕೆ: ಎಸ್‌ಎಂಪಿಎಸ್ ಬದಲಿಸಲು ಅವರು ಇದೇ ಕವರ್ ತೆಗೆದಿದ್ದಾರೆ. ಕೂಲರ್ ಅದರ ಪಕ್ಕ, ಒಂದು ಗೇಣು ದೂರದಲ್ಲಿದೆ.

ಬ್ರಷ್ಷಿನಲ್ಲಿ ಧೂಳು ತೆಗೆದು, ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ, ಆದರೆ ಒಣಗಿ ಸುಣ್ಣವಾಗಿದ್ದ ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ, ಎದುರುಬದುರಿನ ಕಾಲುಗಳನ್ನು ಜೋಡಿ ಜೋಡಿಯಾಗಿ ಒತ್ತಿದ. ನಾಲ್ಕು ಟಕ್ ಕೇಳಬೇಕಂತೆ, ಎಣಿಸಿದೆ. ಬಯೋಸ್‌ನಲ್ಲಿ 43 ಡಿಗ್ರಿ, ಅಲ್ಲೇ ನಿಂತಿತು. ನೀವು ಮಾಡುವುದಾದರೆ ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟುಕೊಳ್ಳಿ. ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಜೋರಾಗಿ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ. ಅಂಗಡಿಗೇ ಕೊಡುವುದಾದರೆ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಕೊಡಿ. ನಾಲ್ಕು ಸ್ಕ್ರೂ, ಎರಡು ಕೇಬಲ್. ಆಫ್ ಆಗುವುದನ್ನು ಪರೀಕ್ಷಿಸಲು ಅವರದೇ ಒಂದು ಡಿಸ್ಕ್ ಸಾಕು, ನಿಮ್ಮದು ಬೇಕಿಲ್ಲ.

ಫೈಲುಗಳನ್ನು ರಿಕವರಿ ಸಾಫ್ಟ್‌ವೇರಿನಲ್ಲಿ ಹುಡುಕಿಸಿದ. ಫಾರ್ಮ್ಯಾಟ್ ಆದ ಮೇಲೆ ಅದೇ ಡಿಸ್ಕಿನಲ್ಲಿ ನಾನು ಇಪ್ಪತ್ತು ದಿನ ಕೆಲಸ ಮಾಡಿದ್ದೆ, ಹಳೆಯದರ ಮೇಲೆ ಹೊಸದು ಬರೆದುಹೋಗಿತ್ತು. ಅರ್ಧಕ್ಕಿಂತ ಕಡಿಮೆ ಸಿಕ್ಕವು, ಅವೂ ಹೆಸರಿಲ್ಲದೆ, ಬರೀ ನಂಬರು. ಮೊದಲು ತೆರೆದಾಗ ಅಕ್ಷರವೆಲ್ಲ ಇಂಗ್ಲಿಷ್ ಕಸದಂತೆ ಕಂಡು ಅತ್ತೇಬಿಟ್ಟೆ. ಆಮೇಲೆ ನೆನಪಾಯಿತು, ಹೊಸ ವಿಂಡೋಸ್‌ಗೆ ನುಡಿ ಫಾಂಟ್‌ಗಳನ್ನೇ ಹಾಕಿರಲಿಲ್ಲ. ಹಾಕಿದ ಮೇಲೆ ಕನ್ನಡವಾಯಿತು.

ನಿನ್ನೆ ಹರಿಹರದಿಂದ ಒಬ್ಬರು ಫೋನ್ ಮಾಡಿದ್ದರು. ಹಿರಿಮಗಳ ಮದುವೆಗೆ ಮಾಡಿಕೊಟ್ಟಿದ್ದ ಕಾರ್ಡೇ ಚಿಕ್ಕವಳಿಗೂ ಬೇಕಂತೆ, ಹೆಸರು ತಾರೀಖು ಬದಲಿಸಿದರೆ ಸಾಕಂತೆ. ಒಂದೊಂದೇ ತೆರೆಯುತ್ತಾ 612ನೇ ಫೈಲಿಗೆ ಬಂದಿದ್ದೇನೆ. ಇನ್ನೂ ಸಿಕ್ಕಿಲ್ಲ.