'ನಾನೇ ಬರೆದ ಅಡ್ವೆಂಚರ್' ಅಂತ ಪಿಡಿಎಫ್ ಮಾರೋರಿದ್ದಾರೆ, ಹುಷಾರು

ಡಂಜನ್ಸ್ ಆಂಡ್ ಡ್ರ್ಯಾಗನ್ಸ್ (ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಎಸೆದು ಆಡುವ ಕಥೆಯಾಟ) ಆಡಿಸುವವರು, ಅದರಲ್ಲೂ ಹೊಸದಾಗಿ ಡಿಎಂ, ಅಂದರೆ ಕಥೆ ಹೇಳಿ ಆಟ ನಡೆಸುವವರು, ಆದವರು ದಯವಿಟ್ಟು ಇದನ್ನು ಓದಿ. ಚಾಟ್‌ನಲ್ಲಿ ಪರಿಚಯ ಮಾಡಿಕೊಂಡು 'ನಾನೇ ಬರೆದಿದ್ದು' ಅಂತ ಅಡ್ವೆಂಚರ್ (ಆಡಿಸೋಕೆ ಸಿದ್ಧ ಮಾಡಿದ ಕಥೆ) ಪಿಡಿಎಫ್ ಮಾರಲು ಬಂದವರಿಗೆ ದುಡ್ಡು ಕಳಿಸಬೇಡಿ. ನನಗೆ 1,200 ರೂಪಾಯಿ ಪಂಗನಾಮ. ದುಡ್ಡು ಹೋಗಲಿ, ಫ್ರೆಂಡ್ಸ್ ಮುಂದೆ ಮರ್ಯಾದೆ ಹೋಯಿತಲ್ಲ, ಅದಕ್ಕೇ ಈ ಸಿಟ್ಟು.

ಕಥೆ ಚೆನ್ನಾಗಿಯೇ ಇತ್ತು. ಬೆಟ್ಟದ ಬುಡಕಟ್ಟೊಂದರ ಹಿರಿಯರ ಕಾಲದ ಕೊಂಬು ಕಳೆದುಹೋಗಿದೆ. ಅದನ್ನು ಊದದೆ ಹೊಸ ನಾಯಕನಿಗೆ ಪಟ್ಟ ಕಟ್ಟುವ ಹಾಗಿಲ್ಲ. ಎರಡು ಬಣ ಹೊಡೆದಾಟಕ್ಕೆ ನಿಂತಿವೆ, ಪಾರ್ಟಿ, ಅಂದರೆ ಆಟಗಾರರ ತಂಡ, ಹೋಗಿ ಕೊಂಬು ಹುಡುಕಿ ತರಬೇಕು. 60 ಪುಟ, ಮೂರು ಮ್ಯಾಪ್, ಲೆವೆಲ್ 1ರಿಂದ 4ರ ಪಾತ್ರಗಳಿಗೆ ಅಂದರು. ಸ್ಯಾಂಪಲ್ ಕೇಳಿದ್ದಕ್ಕೆ ಮೊದಲಿನ ನಾಲ್ಕು ಪುಟ ಬಂತು, ಸೊಗಸಾಗಿತ್ತು. ಯುಪಿಐ ಮಾಡಿದೆ, ಲಿಂಕ್ ಬಂತು, 60 ಪುಟವೂ ಇತ್ತು.

ಆವತ್ತಿನ ಸೆಷನ್‌ಗೆ ಬೇಕಾದಷ್ಟು ಓದಿಕೊಂಡು ಆಡಿಸೋದು ಎಲ್ಲರೂ ಮಾಡುವುದೇ. ಆದರೆ ಆಟಗಾರರು ನಾವು ಅಂದುಕೊಂಡ ದಾರಿಯಲ್ಲಿ ಯಾವತ್ತು ಹೋಗಿದ್ದಾರೆ? ಊರಿನ ಜಗಳ, ಮುದುಕಿಯ ಸುಳಿವು ಎಲ್ಲ ಬಿಟ್ಟು ಸೀದಾ ಗುಹೆಗೆ ನುಗ್ಗಿದರು. ರೋಗ್ (ಕಳ್ಳನಂಥ ಪಾತ್ರ) ಆಡುತ್ತಿದ್ದ ಗೆಳೆಯ ಕಲ್ಲಿನ ಬಾಗಿಲು ತಡಕಿ ಡೈಸ್ ಎಸೆದ, ನ್ಯಾಚುರಲ್ 20, ಇಪ್ಪತ್ತು ಮುಖದ ಡೈಸ್ ಮೇಲಿನ ಅತಿ ದೊಡ್ಡ ಅಂಕಿ! ಎಲ್ಲರೂ ಕೂಗಿ ಟೇಬಲ್ ಕುಟ್ಟಿದರು. ನಾನು ಪುಟ ತಿರುಗಿಸಿದೆ. 'ಒಂಬತ್ತನೇ ಕೋಣೆ: ಮ್ಯಾಪ್ 3 ನೋಡಿ' ಅಂತಿದೆ, ಅಷ್ಟೇ. ಮ್ಯಾಪ್ 3 ಎಲ್ಲೂ ಇಲ್ಲ. ಮುಂದಿನ ಪುಟದಿಂದ ಓಗರ್, ಔಲ್‌ಬೇರ್, ಟ್ರೈಬಲ್ ವಾರಿಯರ್ ಎಸಿ 12 ಎಚ್‌ಪಿ 11... ಬರೀ ಎದುರಾಳಿಗಳ ರಕ್ಷಣೆ, ಜೀವದ ಅಂಕಿಗಳು. ಆಟದ ಕಂಪನಿಯೇ ಬಿಟ್ಟಿರುವ, ಪುಕ್ಕಟೆ ಸಿಗುವ ನಿಯಮಗಳ ದಾಖಲೆ ಎಸ್‌ಆರ್‌ಡಿ ತಂದು ಕೊನೆತನಕ ಅಂಟಿಸಿದ್ದಾರೆ! ಎಲ್ಲರೂ ನನ್ನ ಮುಖವನ್ನೇ ನೋಡ್ತಿದ್ದಾರೆ, ನಾನು ಫೋನಿನಲ್ಲಿ 'ಹಾರ್ನ್' ಅಂತ ಸರ್ಚ್ ಮಾಡ್ತಾ ಕೂತಿದ್ದೇನೆ. ಸಿಕ್ಕಿದ್ದು ಹಾರ್ನ್ ಆಫ್ ಬ್ಲಾಸ್ಟಿಂಗ್ ಅನ್ನೋ ಮಾಯಾ ಕೊಂಬು. ಪ್ರತಿ ಸಲ ಊದಿದಾಗಲೂ ಅದು ಸಿಡಿಯುವ ಸಾಧ್ಯತೆ 20 ಪರ್ಸೆಂಟ್, ಏಟು ಊದಿದವನಿಗೇ. ಪಟ್ಟಕ್ಕೆ ಕೂರುವ ನಾಯಕನಿಗೆ ಅದನ್ನು ಕೊಡೋಕಾಗುತ್ತಾ?

ಅವತ್ತೇ ರಾತ್ರಿ ಮೆಸೇಜ್ ಮಾಡಿದೆ. ಉತ್ತರ: 'ಬ್ರೋ, ಡಿಎಂ ಅಂದ್ಮೇಲೆ ಇಂಪ್ರೊವೈಸ್ ಮಾಡ್ಬೇಕು.' ನಾನೇ ಇಂಪ್ರೊವೈಸ್ ಮಾಡೋದಾದರೆ ನಿನಗೆ ಯಾಕಪ್ಪಾ 1,200?

ಇನ್ನೊಂದು ಆಮೇಲೆ ಕಣ್ಣಿಗೆ ಬಿತ್ತು. ಮೊದಲ ಭಾಗದ ಪುಟಗಳ ಅಡಿಯಲ್ಲಿ ಸಣ್ಣ ಬಿಳಿ ಪಟ್ಟಿ. ಹಿನ್ನೆಲೆ ಹಳದಿ ಚರ್ಮದ ಬಣ್ಣ, ಪಟ್ಟಿ ಮಾತ್ರ ಬೆಳ್ಳಗೆ. ಅದರ ಮೇಲೆ ಮೌಸ್ ಎಳೆದು ಕಾಪಿ ಮಾಡಿದರೆ ಯಾರದೋ ಹೆಸರು, ಪಕ್ಕದಲ್ಲಿ ಆರ್ಡರ್ ನಂಬರ್. ಇಂಥ ಆಟಗಳ ಪಿಡಿಎಫ್ ಮಾರುವ ಡ್ರೈವ್‌ಥ್ರೂಆರ್‌ಪಿಜಿ ಸೈಟಿನಲ್ಲಿ ಕೊಂಡವರಿಗೆ ಗೊತ್ತಿರುತ್ತೆ, ಅಲ್ಲಿನ ಎಷ್ಟೋ ಪಿಡಿಎಫ್‌ಗಳಲ್ಲಿ ಕೊಂಡವರ ಹೆಸರು ಹೀಗೇ ಅಚ್ಚಾಗಿರುತ್ತೆ. ಅದನ್ನೇ ಬಿಳಿ ಪಟ್ಟಿಯಿಂದ ಮುಚ್ಚಿದ್ದಾರೆ. ಅಂದರೆ ಯಾರೋ ಬರೆದದ್ದನ್ನು, ಇನ್ಯಾರೋ ಕೊಂಡದ್ದನ್ನು, ಅರ್ಧ ಕತ್ತರಿಸಿ ನನಗೆ ಮಾರಿದ್ದಾರೆ. ಕೇಳಿದ್ದಕ್ಕೆ 'ಅದು ಪ್ರೂಫ್ ರೀಡರ್ ಹೆಸರು ಬ್ರೋ.' ಪ್ರೂಫ್ ರೀಡರ್‌ಗೆ ಆರ್ಡರ್ ನಂಬರ್ ಯಾಕೆ ಅಂದೆ. ತಕ್ಷಣ ಬ್ರೋ ಹೋಗಿ ಸರ್ ಬಂತು: 'ನೋಡಿ ಸರ್, ಡಿಜಿಟಲ್ ಐಟಂಗೆ ರಿಫಂಡ್ ಇರಲ್ಲ.' ಆಮೇಲೆ ಬ್ಲಾಕ್. ಇಷ್ಟೆಲ್ಲ ಮಾಡಿ ನನ್ನನ್ನೇ ಬ್ಲಾಕ್!

ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲೇ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟಿದ್ದಾರೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಳಸಿ ಮಾರಲೂಬಹುದು, ಆದರೆ ಮೂಲ ಯಾವುದು ಅಂತ ಹೇಳಲೇಬೇಕು. ನನಗೆ ಮಾರಿದ ಪಿಡಿಎಫ್‌ನಲ್ಲಿ ಆ ಬಗ್ಗೆ ಒಂದು ಸಾಲೂ ಇಲ್ಲ. ಸ್ಯಾಂಪಲ್ ಕೇಳಿದರೆ ಮೊದಲ ಪುಟ ಬೇಡ, ಕೊನೆಯ ಕೋಣೆಯ ಪುಟ ಕೇಳಿ. ಅಡಿಯಲ್ಲಿ ಬಿಳಿ ಪಟ್ಟಿ ಕಂಡರೆ ಕಾಪಿ ಮಾಡಿ ನೋಡಿ. ಈಗ ಅದೇ ಕವರ್ ಚಿತ್ರ ಬೇರೆ ಹೆಸರಲ್ಲಿ ಓಡಾಡ್ತಿದೆ, ಕೊಂಬಿನ ಜಾಗದಲ್ಲಿ ನಗಾರಿ, ಬೆಲೆ 1,500.