ಮೊಜಾವೆ ಮರಳಿಗೆ ಒಬ್ಬರೇ ಹೊರಟರೆ: ಸೈಡ್‌ಕಾರಾ, ಬರೀ ಬೈಕಾ?

ಕ್ಯಾಲಿಫೋರ್ನಿಯಾದ ಮೊಜಾವೆ ರೋಡ್ ಸುಮಾರು 220 ಕಿ.ಮೀ. ಕಚ್ಚಾ ದಾರಿ. ನಡುವೆ ಪೆಟ್ರೋಲ್ ಬಂಕ್ ಇಲ್ಲ. ಇಲ್ಲಿಗೆ ಉರಾಲ್ ಗೇರ್ ಅಪ್ ಸೈಡ್‌ಕಾರ್ (ಪಕ್ಕದಲ್ಲಿ ಮೂರನೇ ಚಕ್ರದ ತೊಟ್ಟಿಲು ಜೋಡಿಸಿದ ಬೈಕ್) ಒಳ್ಳೆಯದಾ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರಂಥ ಬರೀ ಬೈಕಾ?

ಮರಳಲ್ಲಿ ಬೈಕ್ ಸ್ವಲ್ಪ ನಿಧಾನ ಆದರೂ ಮುಂದಿನ ಚಕ್ರ ಹೂತುಕೊಂಡು ಹೊರಳುತ್ತದೆ, ಬಿದ್ದರೆ ಸುಮಾರು 200 ಕೆ.ಜಿ.ಯನ್ನು ಆ ಬಿಸಿಲಲ್ಲಿ ನೀವೊಬ್ಬರೇ ಎತ್ತಬೇಕು. ಉರಾಲ್ ಹಾಗೆ ಬೀಳಲ್ಲ. ಎಲ್ಲಿ ಬೇಕಾದರೂ ನಿಲ್ಲಿಸಿ ನೀರು ಕುಡಿಯಬಹುದು. ರಿವರ್ಸ್ ಗೇರ್ ಇದೆ, ಲಿವರ್ ಎಳೆದರೆ ಸೈಡ್‌ಕಾರಿನ ಚಕ್ರವೂ ಎಂಜಿನ್ ಬಲದಿಂದ ತಿರುಗುತ್ತದೆ. ಗಟ್ಟಿ ನೆಲ ಬಂದ ತಕ್ಷಣ ಅದನ್ನು ಬಿಡಿಸಿಬಿಡಿ, ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲದ್ದರಿಂದ ಹ್ಯಾಂಡಲ್ ತಿರುಗಿಸೋದು ತುಂಬಾ ಕಷ್ಟ.

ನಿಜವಾದ ತಲೆನೋವು ಬೇರೆ. ಜೀಪುಗಳು ಎರಡು ಸಾಲು ಕೊರೆದಿರುತ್ತವೆ, ಬೈಕ್ ಒಂದರಲ್ಲಿ ಆರಾಮಾಗಿ ಹೋಗುತ್ತದೆ, ಉರಾಲ್ ಅಗಲ ಜೀಪಿಗಿಂತ ಕಮ್ಮಿ, ಹಾಗಾಗಿ ಒಂದು ಚಕ್ರ ಸಾಲಲ್ಲಿ, ಇನ್ನೊಂದು ನಡುವಿನ ದಿಬ್ಬದ ಮೇಲೆ. ದಿನವಿಡೀ ತೋಳು ಸೋಲುತ್ತದೆ. ಸೈಡ್‌ಕಾರ್ ಬಲಗಡೆ ಇರೋದರಿಂದ ಬಲಕ್ಕೆ ಜೋರಾಗಿ ತಿರುಗಿಸಿದರೆ, ಖಾಲಿ ಇದ್ದಾಗ ಅದು ಮೇಲೇಳುತ್ತದೆ, ನೀರಿನ ಕ್ಯಾನ್‌ಗಳನ್ನು ಅದರೊಳಗೇ ತಳಕ್ಕೆ ಬಿಗಿದು ಕಟ್ಟಿ.

ಪೆಟ್ರೋಲ್? ಉರಾಲ್ ಲೀಟರಿಗೆ 12-13 ಕಿ.ಮೀ., ಟ್ಯಾಂಕ್ 19 ಲೀಟರ್. ಮರಳಲ್ಲಿ ಇನ್ನೂ ಕಮ್ಮಿ, ಜೊತೆಗೆ ಹತ್ತು ಲೀಟರ್ ಕ್ಯಾನ್ ಬೇಕೇ ಬೇಕು. ಹಿಮಾಲಯನ್‌ಗೆ ಒಂದೇ ಟ್ಯಾಂಕ್ ಧಾರಾಳ.

ಮರಳಲ್ಲಿ ಓಡಿಸಿ ಪಳಗಿದವರು, ಸಾಮಾನು ಕಮ್ಮಿ ಇರುವವರು ಬೈಕ್ ತಗೊಳ್ಳಿ. ನಾಲ್ಕೈದು ದಿನದ ನೀರು, ಟೆಂಟು ಹೊತ್ತು ನಿಧಾನಕ್ಕೆ ಹೋಗುವವರಿಗೆ ನಾನು ಉರಾಲೇ ಹೇಳೋದು, ಆದರೆ ಮೊದಲು ಖಾಲಿ ಮೈದಾನದಲ್ಲಿ ಒಂದು ವಾರ ಬಲತಿರುವು ಅಭ್ಯಾಸ ಮಾಡಿ.