ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪೌರತ್ವದ ಕಾಗದ ಹುಡುಕಾಟ: ವರ್ಷಗಟ್ಟಲೆ ಬಳಸಿದವನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕ ಸರ್ಕಾರದ ಹಳೆಯ ದಾಖಲೆಗಳನ್ನು ಕಾಯುವ ಈ ನ್ಯಾಷನಲ್ ಆರ್ಕೈವ್ಸ್, ಹೆಸರು ಟೈಪ್ ಮಾಡಿದ ತಕ್ಷಣ ಮುತ್ತಜ್ಜನ ಫೈಲು ತೆರೆದುಕೊಳ್ಳುವ ಜಾಗ ಅಲ್ಲ. ಇಲ್ಲಿ ಕಾಗದಗಳನ್ನು ಜೋಡಿಸಿಟ್ಟಿರುವುದು ಕೋರ್ಟಿನ ಲೆಕ್ಕದಲ್ಲಿ, ಮನುಷ್ಯರ ಲೆಕ್ಕದಲ್ಲಲ್ಲ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. ಹೋಗದಿದ್ದರೆ ಸುಮ್ನೆ ತಿಂಗಳುಗಟ್ಟಲೆ ಅಲೆದಾಟ.

ನಾನು ಹುಡುಕುತ್ತಿರುವುದು ಹೆಂಡತಿಯ ಕಡೆಯವರನ್ನು. ಅವರ ಹಿರೀಕರು ಪೋಲೆಂಡಿನ ಕಡೆಯಿಂದ ಷಿಕಾಗೋಗೆ ಬಂದು ನೆಲೆಸಿದವರು.

ಕೋರ್ಟು ಯಾಕೆ ಮುಖ್ಯ ಅಂದರೆ, ವಲಸೆ ಬಂದವರು 1906ರ ಸೆಪ್ಟೆಂಬರ್ 27ಕ್ಕಿಂತ ಮೊದಲು ಫೆಡರಲ್ (ಕೇಂದ್ರದ), ರಾಜ್ಯ, ಕೌಂಟಿ (ಜಿಲ್ಲೆಯಂಥದ್ದು) ಹೀಗೆ ತಮಗೆ ಹತ್ತಿರವಾದ ಕೋರ್ಟಿಗೆ ಹೋಗಿ ಪೌರತ್ವ ಪಡೆಯಬಹುದಿತ್ತು. ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆದುಕೊಂಡ. ಆ ಕಾಲದ ಎಷ್ಟೋ ಕಾಗದಗಳಲ್ಲಿ ಹೆಸರು, ದೇಶ, ತಾರೀಕು ಬಿಟ್ಟರೆ ಇನ್ನೇನೂ ಇರುವುದಿಲ್ಲ. ಆಮೇಲಿನ ಅರ್ಜಿಗಳ ಕಥೆಯೇ ಬೇರೆ. ಎಲ್ಲ ಕಡೆ ಒಂದೇ ಫಾರಂ. ಹುಟ್ಟಿದ ಊರು, ಹಡಗಿನ ಹೆಸರು, ಬಂದಿಳಿದ ದಿನ, ಹೆಂಡತಿ ಮಕ್ಕಳ ಹೆಸರು, ಮಕ್ಕಳು ಹುಟ್ಟಿದ ದಿನ, ಎಲ್ಲವೂ ಸಿಗುತ್ತದೆ. 1929ರ ಜುಲೈ ನಂತರ ಸಲ್ಲಿಸಿದ ಡಿಕ್ಲರೇಷನ್ನಿನಲ್ಲಿ, ಅಂದರೆ ಪ್ರಜೆಯಾಗುವ ಇರಾದೆ ಇದೆ ಎಂದು ಅರ್ಜಿಗೆ ಮೊದಲು ಬರೆದುಕೊಡುವ 'ಫಸ್ಟ್ ಪೇಪರ್'ನಲ್ಲಿ, ಫೋಟೋ ಕೂಡ ಇರುತ್ತದೆ.

ಇನ್ನು ಸೂಚಿ ಕಾರ್ಡುಗಳು, ಅಂದರೆ ಯಾರ ಅರ್ಜಿ ಯಾವ ಕೋರ್ಟಿನದು ಅಂತ ಹೇಳುವ ಕಾರ್ಡುಗಳು. ಷಿಕಾಗೋ ಸುತ್ತಮುತ್ತಲಿನವರಿಗೆ 1840ರಿಂದ 1950ರವರೆಗಿನ ದೊಡ್ಡ ಕಾರ್ಡು ಸಂಗ್ರಹ ಇದೆ. ಇದನ್ನು ಅಕ್ಷರಮಾಲೆ ಪ್ರಕಾರ ಜೋಡಿಸಿಲ್ಲ, ಸೌಂಡೆಕ್ಸ್ ಎಂಬ ಸಂಕೇತದ ಪ್ರಕಾರ ಜೋಡಿಸಿದ್ದಾರೆ. ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುವ ಪದ್ಧತಿ ಇದು. ಕಾಗುಣಿತ ಹೆಚ್ಚುಕಮ್ಮಿ ಆದರೂ ಹೆಸರುಗಳು ಒಂದೇ ಕಡೆ ಸಿಗಲಿ ಅಂತ ಮಾಡಿದ್ದು. ಆದರೆ ಕೊವಾಲ್ಸ್ಕಿ ಎಂಬ ಮನೆತನದ ಹೆಸರನ್ನೇ ತಗೊಳ್ಳಿ. ನಡುವೆ 'ಡಬ್ಲ್ಯೂ' ಹಾಕಿ ಬರೆದರೆ ಕೆ-420. 'ವಿ' ಹಾಕಿದರೆ ಕೆ-142. ಡಬ್ಲ್ಯೂಗೆ ಅಂಕಿ ಇಲ್ಲ, ವಿಗೆ 1. ಒಂದೇ ಅಣ್ಣತಮ್ಮಂದಿರ ಕಾರ್ಡುಗಳು ದೂರ ದೂರ ಹೋಗಿ ಕೂತಿರುತ್ತವೆ! ಹಾಗಾಗಿ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದೋ ಅಷ್ಟಕ್ಕೂ ಸಂಕೇತ ಮಾಡಿಟ್ಟುಕೊಂಡೇ ಶುರು ಮಾಡಿ.

ಕಾರ್ಡು ಸಿಕ್ಕಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅದರಲ್ಲಿ ಕೋರ್ಟಿನ ಹೆಸರು ಏನಿದೆ ನೋಡಿ. ಫೆಡರಲ್ ಕೋರ್ಟು ಆದರೆ ಅರ್ಜಿ ಸಾಮಾನ್ಯವಾಗಿ ನ್ಯಾಷನಲ್ ಆರ್ಕೈವ್ಸ್‌ನ ಆ ಭಾಗದ ಶಾಖೆಯಲ್ಲಿ ಇರುತ್ತದೆ. ಷಿಕಾಗೋ ಇರುವ ಕುಕ್ ಕೌಂಟಿಯ ಕೋರ್ಟು ಅಂತಿದ್ದರೆ ಕಾರ್ಡು ಆರ್ಕೈವ್ಸ್‌ನದ್ದು, ಅರ್ಜಿ ಮಾತ್ರ ಕೌಂಟಿಯವರದ್ದು. ಅಲ್ಲಿಗೇ ಬರೆಯಬೇಕು. ಅದರಲ್ಲೂ 1871ರಲ್ಲಿ ಷಿಕಾಗೋವನ್ನು ಸುಟ್ಟ ದೊಡ್ಡ ಬೆಂಕಿಗೆ ಮೊದಲಿನ ಕೌಂಟಿ ಕಾಗದಗಳು ಸುಟ್ಟು ಹೋಗಿವೆ. ಎಷ್ಟೇ ದುಡ್ಡು ಸುರಿದರೂ ಬರಲ್ಲ.

ಅರ್ಜಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಲು, ಹಳೆಯ ರಾಜನಿಗೆ ನಿಷ್ಠೆ ಬಿಟ್ಟೆ ಎನ್ನುವುದು. ಮೊದಲ ಮಹಾಯುದ್ಧ ಮುಗಿಯುವ ತನಕ ಭೂಪಟದಲ್ಲಿ ಪೋಲೆಂಡ್ ಎಂಬ ಸ್ವತಂತ್ರ ದೇಶ ಇರಲಿಲ್ಲ. ಹಾಗಾಗಿ ಒಬ್ಬರು ರಷ್ಯಾದ ನಿಕೋಲಸ್ ಚಕ್ರವರ್ತಿಯನ್ನು ಬಿಟ್ಟಿರುತ್ತಾರೆ, ಇನ್ನೊಬ್ಬರು ಜರ್ಮನಿಯ ವಿಲಿಯಂನನ್ನು, ಮತ್ತೊಬ್ಬರು ಆಸ್ಟ್ರಿಯಾದ ಫ್ರಾನ್ಸಿಸ್ ಜೋಸೆಫ್‌ನನ್ನು. ಯಾರನ್ನು ಬಿಟ್ಟರು ಅಂತ ನೋಡಿದರೆ ಯುರೋಪಿನಲ್ಲಿ ಮುಂದೆ ಯಾವ ಭಾಗದ ಚರ್ಚಿನ ಪುಸ್ತಕ ತೆರೆಯಬೇಕು ಅಂತ ಗೊತ್ತಾಗುತ್ತದೆ. ಇಬ್ಬರು ಸಾಕ್ಷಿಗಳ ಹೆಸರನ್ನೂ ಬಿಡಬೇಡಿ. ನಮ್ಮದರಲ್ಲಿ ಒಬ್ಬರು ಹೆಂಡತಿಯ ಮುತ್ತಜ್ಜಿಯ ಅಣ್ಣ ಅಂತ ಆಮೇಲೆ ತಿಳಿಯಿತು.

ಹೆಂಗಸರ ಹೆಸರಲ್ಲಿ ಹುಡುಕಿ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. 1855ರಿಂದ, ಹೆಂಗಸರ ಪೌರತ್ವವನ್ನು ಗಂಡನದರಿಂದ ಬೇರೆ ಮಾಡಿದ 1922ರ ಕೇಬಲ್ ಕಾಯ್ದೆ ಬರುವ ತನಕ, ಗಂಡ ಪ್ರಜೆಯಾದರೆ ಹೆಂಡತಿಯೂ ಪ್ರಜೆ. ಚಿಕ್ಕ ಮಕ್ಕಳಿಗೂ ತಂದೆಯದೇ ಆಗುತ್ತಿತ್ತು. ಅವರದ್ದು ಅಂತ ಬೇರೆ ಫೈಲೇ ಇರುವುದು ಅಪರೂಪ.

ನಮ್ಮ ಕಡೆಯವರ ವಿಷಯಕ್ಕೆ ಬಂದರೆ ಇನ್ನೂ ಸಂಕಟ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವದ ಅರ್ಹತೆ ಇಲ್ಲ ಎಂದಿತು. ಕೊಟ್ಟ ಪೌರತ್ವವನ್ನೂ ಹಲವರಿಂದ ಕಿತ್ತುಕೊಂಡರು. ಮತ್ತೆ ಬಾಗಿಲು ತೆರೆದದ್ದು 1946ರಲ್ಲಿ. ಆ ಕಾಲದ ಭಾರತೀಯರನ್ನು ಹುಡುಕುವವರು ಅರ್ಜಿ ಮಾತ್ರ ಅಲ್ಲ, ರದ್ದತಿಯ ಮೊಕದ್ದಮೆಗಳನ್ನೂ ನೋಡಬೇಕು.

ಹಣ ಕಟ್ಟುವ ವಂಶಾವಳಿ ತಾಣಗಳು ಬೇಕಾ? ಹುಡುಕಾಟದ ವೇಗಕ್ಕೆ ಬೇಕು, ಆದರೆ ಪೂರ್ತಿ ನಂಬಬೇಡಿ. ನಾನು ಚಂದಾ ಕಟ್ಟಿದ್ದ ಒಂದು ತಾಣದಲ್ಲಿ ಮನೆತನದ ಹೆಸರಿನ ಮೊದಲ ಅಕ್ಷರವನ್ನೇ ತಪ್ಪಾಗಿ ಓದಿ ಸೇರಿಸಿದ್ದರು. ತಿದ್ದಲು ಕೇಳಿದರೆ ಉತ್ತರವೂ ಇಲ್ಲ. ಫ್ಯಾಮಿಲಿಸರ್ಚ್ ಉಚಿತ, ಅಲ್ಲಿಂದ ಶುರು ಮಾಡಿ. ಆರ್ಕೈವ್ಸ್‌ನ ಓದುವ ಕೋಣೆಗೆ ಹೋದರೆ ಹಣ ಕಟ್ಟಬೇಕಾದ ಆನ್ಸೆಸ್ಟ್ರಿ ತಾಣವನ್ನೂ ದುಡ್ಡು ಕೊಡದೆ ನೋಡಬಹುದು.

ಕೋರ್ಟು ಯಾವುದು ಅಂತಲೇ ಗೊತ್ತಿಲ್ಲದವರು 1920ರ ಜನಗಣತಿ ನೋಡಿ. ಪ್ರಜೆಯಾದ ವರ್ಷ ಅದರಲ್ಲಿ ಬರೆದಿರುತ್ತಾರೆ, ಹುಡುಕಾಟ ಆ ವರ್ಷಕ್ಕೆ ಕಿರಿದಾಗುತ್ತದೆ. 'ಎನ್ಎ' ಅಂದರೆ ಪ್ರಜೆ, 'ಪಿಎ' ಅಂದರೆ ಫಸ್ಟ್ ಪೇಪರ್ ಮಾತ್ರ ಆಗಿದೆ, 'ಎಎಲ್' ಅಂದರೆ ಇನ್ನೂ ವಿದೇಶಿ. ಅದರಿಂದಲೂ ಆಗದಿದ್ದರೆ, 1906ರ ಸೆಪ್ಟೆಂಬರ್‌ನಿಂದ 1956ರ ಮಾರ್ಚ್‌ವರೆಗಿನ ಸಿ-ಫೈಲುಗಳ, ಅಂದರೆ ಪೌರತ್ವದ ಸರ್ಟಿಫಿಕೇಟು ಪಡೆದವರ ಕಡತಗಳ, ನಕಲು ವಲಸೆ ಇಲಾಖೆಯ ಬಳಿ ಇದೆ. ಅದಕ್ಕೆ ಶುಲ್ಕ ಬೇರೆ, ಕಾಯುವುದೂ ಜಾಸ್ತಿ. ಮನೆಯ ಟ್ರಂಕಿನಲ್ಲಿ ಮೂಲ ಸರ್ಟಿಫಿಕೇಟು ಇದೆಯಾ ಅಂತ ಹಿರಿಯರನ್ನು ಒಮ್ಮೆ ಕೇಳಿಬಿಡಿ. ಅದನ್ನು ಕೊಟ್ಟದ್ದು ವಲಸಿಗರ ಕೈಗೆ. ಆರ್ಕೈವ್ಸ್‌ನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.